ಬಾಗಿಲು ಮುಚ್ಚಿದರೆ ಅಡಿಕೆಯೂ ಒಣಗುವುದಿಲ್ಲ

ಕಳೆದ ತಿಂಗಳು ಒಂದು ಮದುವೆಗೆಂದು ಬೆಂಗಳೂರಿಗೆ ಹೋದವನು ಅಕ್ಕನ ಮಗಳ ಮನೆಯಲ್ಲಿ ಉಳಿದಿದ್ದೆ. "ಮಾವ, ನಾಳೆ ಬೆಳಗ್ಗೆ ನನ್ನ ಜೊತೆ ಯೋಗಕ್ಕೆ ಬನ್ನಿ, ನಿಮ್ಮ ಸೊಂಟನೋವಿಗೂ ಒಳ್ಳೆಯದು" ಎಂದಳು. ಹನ್ನೊಂದು ವರ್ಷದಿಂದ ನಮ್ಮೂರ ಗ್ರಂಥಾಲಯದ ಹಾಲ್‌ನಲ್ಲಿ ಚಾಪೆ ಹಾಸುತ್ತಿರುವವನಿಗೆ ಯೋಗಕ್ಕೆ ಹೋಗಲು ಏನು ಹಿಂಜರಿಕೆ? ಮೈ ಒರೆಸುವ ಬೈರಾಸು ಹೆಗಲಿಗೆ ಹಾಕಿಕೊಂಡು ಹೊರಟೆ. "ಒಂದು ಸಾಲದು ಮಾವ, ಇನ್ನೊಂದು ಇಟ್ಟುಕೊಳ್ಳಿ" ಎಂದಾಗಲೇ ನನಗೆ ಸಂಶಯ ಬರಬೇಕಿತ್ತು.

ಗಾಜಿನ ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬಡಿದ ಗಾಳಿ ನನಗೆ ಚೆನ್ನಾಗಿ ಗೊತ್ತಿರುವ ಗಾಳಿ. ನಮ್ಮ ತೋಟದ ಮನೆಯ ಸೋಲಾರ್ ಗೂಡಿನ ಗಾಳಿ! ಅಡಿಕೆ ಬೆಳೆಗಾರರಲ್ಲದವರಿಗೆ ಹೇಳುವುದಾದರೆ, ಕಮಾನಿನಂತೆ ಬಗ್ಗಿಸಿದ ಪೈಪುಗಳ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಒಳಗೆ ಅಡಿಕೆ ಹರವಿ ಒಣಗಿಸುವ ಗೂಡು ಅದು. ಮಧ್ಯಾಹ್ನ ಒಳಗೆ ಹೋಗಿ ಕಾಲಿನಲ್ಲಿ ಅಡಿಕೆ ಮಗುಚಿ ಹೊರಗೆ ಬರುವಷ್ಟರಲ್ಲಿ ಅಂಗಿಯನ್ನು ಹಿಂಡಬಹುದು. ಬೆಂಗಳೂರಿನ ಆ ಕೋಣೆಯ ಗೋಡೆಯ ಮೇಲೆ 40 ಡಿಗ್ರಿ ಎಂದು ಕೆಂಪು ಅಂಕಿ ಮಿನುಗುತ್ತಿತ್ತು. ಇಪ್ಪತ್ತೈದು ಜನ ಸಾಲಾಗಿ ಚಾಪೆ ಹಾಸಿ ನಿಂತಿದ್ದರು. ಇದಕ್ಕೆ ಹಾಟ್ ಯೋಗ ಎನ್ನುತ್ತಾರಂತೆ.

ಈಗ ಈ ಕತೆಯನ್ನು ಬರೆಯುವುದಕ್ಕೆ ಕಾರಣ, ಕಾಸರಗೋಡು ಪೇಟೆಯಲ್ಲಿ ಇಂಥದೊಂದು ಕೋಣೆ ತೆರೆಯುವ ಯೋಚನೆ ನನ್ನ ಸ್ನೇಹಿತರೊಬ್ಬರಿಗೆ ಬಂದಿದೆ. "ಭಟ್ಟರೇ, ನೀವು ಯೋಗ ಮಾಡುವವರು, ಏನು ಹೇಳುತ್ತೀರಿ?" ಎಂದು ಕೇಳಿದರು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರೂ ಓದುತ್ತಾರೆ.

ಮೊದಲು ಇದರ ಹುಟ್ಟು. ಕಲ್ಕತ್ತದಲ್ಲಿ ಹುಟ್ಟಿದ ಬಿಕ್ರಮ್ ಚೌಧರಿ ಎಂಬವರು 1970ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಇದನ್ನು ಜನಪ್ರಿಯಗೊಳಿಸಿದರು. ಅವರ ಗುರು ಬಿಷ್ಣು ಚರಣ ಘೋಷ್, ಪರಮಹಂಸ ಯೋಗಾನಂದರ ತಮ್ಮ. ಬಿಕ್ರಮ್ ಅವರದು 26 ಆಸನ, ಎರಡು ಉಸಿರಾಟದ ಅಭ್ಯಾಸ, 90 ನಿಮಿಷ, ಸುಮಾರು 40.5 ಡಿಗ್ರಿ ಶಾಖ, ಶೇಕಡಾ 40 ತೇವಾಂಶ. ಎಲ್ಲವೂ ಅಳೆದು ತೂಗಿ ಗೊತ್ತು ಮಾಡಿದ್ದು. ಜಪಾನಿನ ಚಳಿಯಲ್ಲಿ ಕಲಿಸುವಾಗ ಕೋಣೆಗೆ ಹೀಟರ್ ತಂದಿಟ್ಟದ್ದೇ ಇದರ ಆರಂಭ ಎಂಬ ಕತೆಯೂ ಇದೆ. ಈ 26 ಆಸನಗಳ ಅನುಕ್ರಮ ತನ್ನ ಸ್ವತ್ತು ಎಂದು ಅವರು ಹಕ್ಕುಸ್ವಾಮ್ಯ ಸಾಧಿಸಹೊರಟಿದ್ದರು. ಆಸನಗಳ ಅನುಕ್ರಮಕ್ಕೆ ಅಂಥ ಹಕ್ಕು ಇಲ್ಲ ಎಂದು 2015ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿತು. ಮರುವರ್ಷ, ಅವರ ಬಳಿ ಕಾನೂನು ಸಲಹೆಗಾರ್ತಿಯಾಗಿದ್ದ ಮಹಿಳೆ ಹೂಡಿದ್ದ ಲೈಂಗಿಕ ಕಿರುಕುಳದ ದಾವೆಯಲ್ಲಿ ಲಾಸ್ ಏಂಜಲೀಸ್‌ನ ಜ್ಯೂರಿ 60 ಲಕ್ಷ ಡಾಲರಿಗೂ ಮಿಕ್ಕಿ ಪರಿಹಾರ ವಿಧಿಸಿತು. ಹೆಸರು ಕೆಟ್ಟ ಮೇಲೆ ಅನೇಕರು ಬಿಕ್ರಮ್ ಎಂಬ ಫಲಕ ಇಳಿಸಿ ಬರೀ ಹಾಟ್ ಯೋಗ ಎಂದು ಬರೆಸಿಕೊಂಡರು. ಮನುಷ್ಯ ಕೆಟ್ಟವನೆಂದು ಆಸನ ಕೆಡುವುದಿಲ್ಲ, ಅದು ಬೇರೆ ಲೆಕ್ಕ.

ಅಂದಿನ ಬೆಳಗ್ಗೆಗೆ ಬರುತ್ತೇನೆ. ಮೊದಲ ಇಪ್ಪತ್ತು ನಿಮಿಷ ನನಗೆ ಹಿತವಾಗಿಯೇ ಇತ್ತು ಎಂದು ಒಪ್ಪಿಕೊಳ್ಳಬೇಕು. ನಮ್ಮ ಹಾಲ್‌ನಲ್ಲಿ ಮುಂದಕ್ಕೆ ಬಗ್ಗಿದರೆ ಬೆರಳು ಕಣಕಾಲಿನ ಹತ್ತಿರ ನಿಲ್ಲುತ್ತದೆ. ಅಲ್ಲಿ ಅಂಗೈ ನೆಲ ಮುಟ್ಟಿತು! ಸೊಂಟ ಎಣ್ಣೆ ಹಾಕಿದ ಬಾಗಿಲಿನಂತೆ ಸದ್ದಿಲ್ಲದೆ ತಿರುಗಿತು. ಅರ್ಧಚಂದ್ರಾಸನದಲ್ಲಿ ಪಕ್ಕಕ್ಕೆ ಬಾಗಿ ನಿಂತಾಗ ಮೂಗಿನ ತುದಿಯಲ್ಲಿ ಒಂದು ಹನಿ ಕಟ್ಟಿಕೊಂಡಿತು. ಒರೆಸಲು ಕೈ ಬಿಡುವಿಲ್ಲ. ಅದು ದಪ್ಪವಾಗುತ್ತ, ಅಲುಗುತ್ತ, ಕೊನೆಗೆ ಟಪ್ಪೆಂದು ಚಾಪೆಗೆ ಬಿತ್ತು. ಆಮೇಲೆ ಹನಿಗಳನ್ನು ಲೆಕ್ಕ ಮಾಡುವ ಹಾಗಿರಲಿಲ್ಲ. ಒಂದು ಕಾಲಿನ ಮೇಲೆ ನಿಲ್ಲುವ ಆಸನಕ್ಕೆ ಬಂದಾಗ ಪಾದದ ಅಡಿಯಲ್ಲಿ ಚಾಪೆ ಹಾವಸೆ ಕಟ್ಟಿದ ಕಲ್ಲಿನಂತೆ ಜಾರುತ್ತಿತ್ತು.

ನಲವತ್ತನೆಯ ನಿಮಿಷದ ಹೊತ್ತಿಗೆ ಕಿವಿಯಲ್ಲಿ ಜೀರುಂಡೆ ಕೂಗಲು ಶುರುವಾಯಿತು. ಎದುರಿನ ಕನ್ನಡಿಯ ಅಂಚುಗಳು ಕಪ್ಪಾದವು. ಕುಳಿತೆ. ಕುಳಿತರೂ ಸರಿಹೋಗದೆ ಎದ್ದು ಬಾಗಿಲಿನ ಕಡೆ ನಡೆದೆ. ಕಲಿಸುವ ಹುಡುಗ ಬಹಳ ವಿನಯದಿಂದ ಅಡ್ಡ ಬಂದ. "ಹೊರಗೆ ಹೋಗಬೇಡಿ ಸರ್, ಇಲ್ಲೇ ಮಲಗಿ, ದೇಹ ಒಗ್ಗಿಕೊಳ್ಳುತ್ತದೆ. ಬಾಗಿಲು ತೆರೆದರೆ ಎಲ್ಲರಿಗೂ ಬಿಸಿ ಕಡಿಮೆಯಾಗುತ್ತದೆ" ಎಂದ. ನಾನು ಬಾಗಿಲು ತೆರೆದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಅಕ್ಕನ ಮಗಳಿಗೆ ಸ್ವಲ್ಪ ನಾಚಿಕೆಯಾಯಿತು. ನನಗೆ ಆಗಲಿಲ್ಲ.

ನನ್ನ ತಕರಾರು ಶಾಖದ ಮೇಲಲ್ಲ, ಆ ಬಾಗಿಲಿನ ಮೇಲೆ.

ಸೋಲಾರ್ ಗೂಡು ಕಟ್ಟಿದ ಮೊದಲ ವರ್ಷ ನಾನೂ ಆ ಹುಡುಗನಂತೆಯೇ ಯೋಚಿಸಿದ್ದೆ. ಬಿಸಿ ಹೊರಗೆ ಹೋಗಬಾರದೆಂದು ಎರಡು ಕೊನೆಗಳ ಕಿಂಡಿಗಳನ್ನೂ ಗೋಣಿ ತುರುಕಿ ಮುಚ್ಚಿದೆ. ಬೆಳಗ್ಗೆ ನೋಡಿದರೆ ಪ್ಲಾಸ್ಟಿಕ್ಕಿನ ಒಳಮೈ ತುಂಬಾ ನೀರಹನಿ, ಅದು ತೊಟ್ಟಿಕ್ಕಿ ಅಡಿಕೆಯ ಮೇಲೆಯೇ ಬೀಳುತ್ತಿತ್ತು. ಎರಡು ವಾರದಲ್ಲಿ ಅಡಿಪದರಕ್ಕೆ ಬೂಸರು ಹಿಡಿಯಿತು. ವ್ಯಾಪಾರಿ ನಾಲ್ಕು ಅಡಿಕೆ ಕತ್ತರಿಸಿ ನೋಡಿ, ಏನೂ ಮಾತಾಡದೆ ಕರಿಗೋಟಿನ, ಅಂದರೆ ಕೆಟ್ಟ ಅಡಿಕೆಯ, ರಾಶಿಗೆ ಎಸೆದ. ಒಣಗಿಸುವುದು ಬಿಸಿಯಲ್ಲ, ನೀರಾವಿಯನ್ನು ಹೊತ್ತುಕೊಂಡು ಹೋಗುವ ಗಾಳಿ ಎಂಬುದನ್ನು ಅಂದು ಕಲಿತೆ.

ಮೈಯದೂ ಅದೇ ವ್ಯವಹಾರ. ಬೆವರು ತಂಪು ಮಾಡುವುದು ಸುರಿಯುವುದರಿಂದಲ್ಲ, ಆರುವುದರಿಂದ. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಚಾಪೆಗೆ ಬಿದ್ದ ಬೆವರು ತಂಪು ಮಾಡಿದ ಹಾಗಲ್ಲ. ನೀರು, ಉಪ್ಪು ಮಾತ್ರ ಹೋದ ಹಾಗೆ. ಗಾಳಿ ಮೈಗಿಂತ ಬಿಸಿಯಾಗಿರುವಲ್ಲಿ ಶಾಖ ಒಳಕ್ಕೇ ಬರುತ್ತದೆ, ಹೊರಗೆ ಹೋಗಲು ಬೆವರು ಆರುವುದೊಂದೇ ದಾರಿ. ಮುಚ್ಚಿದ ಕೋಣೆಯಲ್ಲಿ ಇಪ್ಪತ್ತೈದು ಜನ ಬೆವರಿದರೆ ಆ ದಾರಿಯೂ ನಿಮಿಷ ನಿಮಿಷಕ್ಕೆ ಕಿರಿದಾಗುತ್ತದೆ. ಮೈಯ ಒಳಗಿನ ಶಾಖ 40 ಡಿಗ್ರಿ ದಾಟಿ ತಲೆ ಗೊಂದಲವಾದರೆ ಅದು ಆಸ್ಪತ್ರೆಯ ವಿಷಯ. ತೂಕ ಇಳಿಯಿತೆಂದು ಹಿಗ್ಗುವುದಂತೂ ತಮಾಷೆ. ಅಂದು ತರಗತಿ ಮುಗಿಸಿ ಬಂದ ಅಕ್ಕನ ಮಗಳು ತೂಕದ ಯಂತ್ರ ಹತ್ತಿ 800 ಗ್ರಾಂ ಕಡಿಮೆ ಎಂದು ತೋರಿಸಿದಳು. ನೀರು, ಎಳನೀರು, ಕಾಫಿ ಎಲ್ಲ ಆದ ಮೇಲೆ ಇನ್ನೊಮ್ಮೆ ಹತ್ತು ಎಂದೆ. ಹತ್ತಲಿಲ್ಲ.

ನನ್ನ ಅಂಗೈ ನೆಲ ಮುಟ್ಟಿದ್ದರ ಬಗ್ಗೆಯೂ ಆಮೇಲೆ ಯೋಚಿಸಿದೆ. ಬಿಸಿಗೆ ಸ್ನಾಯು ಸಡಿಲವಾಗುತ್ತದೆ ನಿಜ. ಆದರೆ ಇನ್ನು ಸಾಕು ಎಂದು ತೊಡೆಯ ಹಿಂದಿನಿಂದ ಬರುವ ಎಚ್ಚರಿಕೆಯ ಎಳೆತವೂ ಆ ಬಿಸಿಯಲ್ಲಿ ಮಂಕಾಗುತ್ತದೆ. ಐವತ್ತನಾಲ್ಕು ವರ್ಷದ ನನ್ನ ಸೊಂಟ ಎಲ್ಲಿ ನಿಲ್ಲಬೇಕೆಂದು ನನಗೆ ಹೇಳುವುದು ಆ ಎಳೆತವೇ. ಎರಡು ದಿನ ಮೈ ಹಗುರವಾಗಿತ್ತು, ಮೂರನೆಯ ದಿನ ಎಡತೊಡೆ ಹಿಡಿದುಕೊಂಡಿತು.

ಊರಿಗೆ ಬಂದು ನಮಗೆ ಯೋಗ ಕಲಿಸುವ ಮಾಷಿಗೆ ಇದನ್ನೆಲ್ಲ ಹೇಳಿದೆ. ಅವರು ಮಲಯಾಳಿ, ನಿವೃತ್ತ ಶಾಲಾ ಮಾಸ್ತರರು. ನಮ್ಮ ತರಗತಿ ನಡೆಯುವುದೇ ಮೂರು ಭಾಷೆಯಲ್ಲಿ. ಆಸನದ ಹೆಸರು ಸಂಸ್ಕೃತದಲ್ಲಿ, ಸೂಚನೆ ಕನ್ನಡದಲ್ಲಿ, ಉಸಿರಿನ ಮಾತು ಮಾತ್ರ ಯಾವಾಗಲೂ ಮಲಯಾಳದಲ್ಲಿ: "ಪತುಕ್ಕೆ, ಪತುಕ್ಕೆ". ನಿಧಾನ, ಮೆಲ್ಲಗೆ ಎಂದು ಅರ್ಥ. ತುಳು ಬಿಟ್ಟು ಬೇರೇನೂ ಆಡದ ನಮ್ಮ ಹಿರಿಯರೊಬ್ಬರೂ ಈಗ ಮನೆಯ ದನಕ್ಕೆ "ಪತುಕ್ಕೆ" ಎನ್ನುತ್ತಾರೆ. ಮಾಷು ಕತೆ ಕೇಳಿ ನಕ್ಕು, ಅಷ್ಟಾಂಗಹೃದಯದ ಒಂದು ಸಾಲು ಹೇಳಿದರು. ಕೇರಳದ ವೈದ್ಯರಿಗೆ ವಾಗ್ಭಟನ ಆ ಗ್ರಂಥ ಉಸಿರಿದ್ದ ಹಾಗೆ. ವ್ಯಾಯಾಮವನ್ನು ಅರ್ಧಶಕ್ತಿಯಷ್ಟು ಮಾಡಬೇಕು, ಅದೂ ಬಲವಿರುವವರು, ಜಿಡ್ಡಿನ ಊಟ ಮಾಡುವವರು, ಚಳಿಗಾಲದಲ್ಲಿ ಮತ್ತು ವಸಂತದಲ್ಲಿ. ಉಳಿದ ಕಾಲದಲ್ಲಿ "ಮಂದಮೇವ". "ಅದೇ ನಮ್ಮ ಪತುಕ್ಕೆ" ಎಂದರು ಮಾಷು.

ಬೆವರಿಸುವುದೇ ನಮ್ಮವರಿಗೆ ಗೊತ್ತಿರಲಿಲ್ಲ ಎಂದಲ್ಲ. ಚರಕ ಸಂಹಿತೆಯಲ್ಲಿ ಸ್ವೇದನಕ್ಕೆ ಒಂದು ಅಧ್ಯಾಯವೇ ಇದೆ. ಬೆಂಕಿಯಿಲ್ಲದೆ ಬೆವರಿಸುವ ಹತ್ತು ದಾರಿಗಳನ್ನು ಅಲ್ಲಿ ಎಣಿಸಿದ್ದಾರೆ: ವ್ಯಾಯಾಮ ಒಂದು, ಬೆಚ್ಚನೆಯ ಕೋಣೆ ಇನ್ನೊಂದು, ದಪ್ಪ ಹೊದಿಕೆ, ಹಸಿವು, ಬಿಸಿಲು, ಭಯ, ಕೋಪ, ಕುಸ್ತಿ ಹೀಗೆ. (ಕೋಪದಿಂದ ಬೆವರುವುದಾದರೆ ನಮ್ಮ ಪಂಚಾಯತ್ ಸಭೆಗಳಷ್ಟು ಒಳ್ಳೆಯ ಚಿಕಿತ್ಸಾಲಯ ಬೇರೆ ಇಲ್ಲ.) ಯಾರಿಗೆ ಬೆವರಿಸಬಾರದು ಎಂಬ ಪಟ್ಟಿಯೂ ಅದೇ ಅಧ್ಯಾಯದಲ್ಲಿದೆ. ಗರ್ಭಿಣಿಯರು, ಪಿತ್ತ ಹೆಚ್ಚಿರುವವರು, ಮಧುಮೇಹಿಗಳು ಅದರಲ್ಲಿದ್ದಾರೆ. ಬೆಂಗಳೂರಿನ ಆ ಕೋಣೆಗೆ ಹೋಗುವ ಮುನ್ನ ಯಾರೂ ನನ್ನಲ್ಲಿ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಲಿಲ್ಲ. ತೆಗೆದುಕೊಳ್ಳುತ್ತೇನೆ. ಇನ್ನು ಹಠಯೋಗ ಪ್ರದೀಪಿಕೆಯೋ, ಅಭ್ಯಾಸದ ಆರಂಭದಲ್ಲಿ ಬೆಂಕಿಯ ಸೇವನೆಯನ್ನೇ ಬಿಡಬೇಕೆನ್ನುತ್ತದೆ. ಪ್ರಾಣಾಯಾಮದ ಶ್ರಮದಿಂದ ಬಂದ ಬೆವರನ್ನು ಮೈಗೇ ತಿಕ್ಕಿಕೊಳ್ಳಬೇಕೆನ್ನುತ್ತದೆ. ಎರಡು ಬೈರಾಸಿನ ಲೆಕ್ಕ ಅಲ್ಲಿಲ್ಲ.

ಹಳೆಯ ಗ್ರಂಥದಲ್ಲಿ ಇಲ್ಲದ್ದೆಲ್ಲ ತಪ್ಪು ಎನ್ನುವವನು ನಾನಲ್ಲ. ಗ್ರಂಥದಲ್ಲಿ ಸೋಲಾರ್ ಗೂಡೂ ಇಲ್ಲ. ಹೊಸ ಕಾಲದವರು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಟೆಕ್ಸಾಸಿನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೂತೇ ಇರುವ ನಡುವಯಸ್ಸಿನವರಿಂದ 12 ವಾರ ಅದೇ 26 ಆಸನಗಳನ್ನು ಮಾಡಿಸಿದರು. ಒಂದು ಗುಂಪಿಗೆ 40.5 ಡಿಗ್ರಿ, ಇನ್ನೊಂದಕ್ಕೆ 23 ಡಿಗ್ರಿ. ರಕ್ತನಾಳಗಳು ಹಿಗ್ಗುವ ಗುಣ ಎರಡೂ ಗುಂಪಿನಲ್ಲಿ ಸುಧಾರಿಸಿತು. ಅಂದರೆ ಆ ಲಾಭ ಆಸನದ್ದು, ಹೀಟರಿನದ್ದಲ್ಲ.

ಅಕ್ಕನ ಮಗಳು ಇದಕ್ಕೆ ಹೇಳಿದ ಉತ್ತರ ನನ್ನನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. "ಮಾವ, ನಾನು ದಿನವಿಡೀ ಎಸಿಯಲ್ಲಿ ಕೂರುತ್ತೇನೆ. ಕಾರಿನಲ್ಲೂ ಎಸಿ. ವಾರಗಟ್ಟಲೆ ನನಗೆ ಬೆವರೇ ಬರುವುದಿಲ್ಲ. ಅಲ್ಲಿ ಬೆವರಿದ ದಿನ ಮಾತ್ರ ನನಗೊಂದು ಮೈ ಇದೆ ಎಂದು ಗೊತ್ತಾಗುತ್ತದೆ" ಎಂದಳು. ಅದು ಸುಳ್ಳಲ್ಲ. ಅವಳಿಗಾಗಲಿ, ಜನವರಿಯಲ್ಲಿ ಹಿಮದೊಳಗೆ ಹೂತುಹೋದ ದೇಶದವರಿಗಾಗಲಿ ಹೋಗಬೇಡಿ ಎನ್ನಲು ನಾನು ಯಾರು?

ಆದರೆ ಕಾಸರಗೋಡಿನಲ್ಲಿ? ಅಡಿಕೆಗೆಂದು ತಂದ ತೇವಾಂಶ ಮಾಪಕವನ್ನು ಮೊನ್ನೆ ಮಧ್ಯಾಹ್ನ ಜಗಲಿಯಲ್ಲಿ ತೂಗುಹಾಕಿದೆ. 34 ಡಿಗ್ರಿ, ಶೇಕಡಾ 65. ಲೆಕ್ಕ ಹಾಕಿದರೆ ನಮ್ಮ ಜಗಲಿಯ ಗಾಳಿಯಲ್ಲಿರುವ ನೀರಾವಿ, ಬಿಕ್ರಮ್ ಗೊತ್ತು ಮಾಡಿದ ಕೋಣೆಯ ಗಾಳಿಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು! ಬಿಸಿ ಆರೂವರೆ ಡಿಗ್ರಿ ಕಡಿಮೆ, ಬೆವರು ಆರುವುದು ಅಲ್ಲಿಗಿಂತ ಸುಲಭವೇನಲ್ಲ. ಬೇಸಗೆಯಲ್ಲಿ ಬಿಸಿಲಿನ ಕೆಲಸಗಾರರಿಗೆ ಮಧ್ಯಾಹ್ನ 12ರಿಂದ 3ರ ತನಕ ಬಿಡುವು ಕೊಡಬೇಕೆಂದು ಕೇರಳದ ಕಾರ್ಮಿಕ ಇಲಾಖೆ ಆದೇಶ ಹೊರಡಿಸುವ ಜಿಲ್ಲೆ ನಮ್ಮದು. ನಾವು ಬೆಳಗ್ಗೆ ಐದೂವರೆಗೆ ಹಾಲ್‌ನ ಎಲ್ಲ ಕಿಟಕಿ ತೆರೆದು ಕೂರುವುದು ಈ ಸೆಕೆಯಿಂದ ತಪ್ಪಿಸಿಕೊಳ್ಳಲು. ಹೀಟರ್ ಹಾಕಿ ಹಣ ಕೇಳುತ್ತಾರಂತೆ ಎಂದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ನಮ್ಮ ಗೂಡಿನಲ್ಲಿ ಚಾಪೆ ಹಾಸಿಕೊಟ್ಟರೆ ಅಡಿಕೆ ಮಗುಚಿಯೂ ಹೋಗುತ್ತಾರಾ?"

ಸ್ನೇಹಿತರೇ, ಇಷ್ಟಾದ ಮೇಲೂ ಕೋಣೆ ತೆರೆಯುವುದೇ ಆದರೆ ತೆರೆಯಿರಿ. ಮಾರ್ಚಿನಿಂದ ಮೇ ತನಕ ಹೀಟರಿನ ಗುಂಡಿ ಒತ್ತಬೇಡಿ, ಫ್ಯಾನ್ ಆರಿಸಿದರೆ ಸಾಕು, ಕರೆಂಟಿನ ಬಿಲ್ಲೂ ಉಳಿಯುತ್ತದೆ. ಬಂದವರ ಕೈಯಲ್ಲಿ ನೀರಿನ ಬಾಟಲಿ ಇರಲಿ, ಯಾವಾಗ ಕುಡಿಯಬೇಕೆಂದು ಅವರಿಗೇ ಬಿಡಿ. ಮಾತ್ರೆ ತೆಗೆದುಕೊಳ್ಳುತ್ತೀರಾ, ಸಕ್ಕರೆ ಕಾಯಿಲೆ ಇದೆಯೇ ಎಂದು ಮೊದಲ ದಿನವೇ ಕೇಳಿ. ಎದ್ದು ಹೊರಗೆ ಹೊರಟವನನ್ನು ಯಾವ ಕಾರಣಕ್ಕೂ ತಡೆಯಬೇಡಿ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹಾಗೆಯೇ ಕಲಿಸಿದ್ದಾರೆ.

ಬಿಸು ಹಬ್ಬಕ್ಕೆ ಅಕ್ಕನ ಮಗಳು ಊರಿಗೆ ಬಂದಿದ್ದಳು. ಮಧ್ಯಾಹ್ನ ತಾನೇ ಗೂಡಿಗೆ ಹೋಗಿ ಅಡಿಕೆ ಮಗುಚುತ್ತೇನೆಂದು ಹಠ ಹಿಡಿದಳು. ಹನ್ನೆರಡು ನಿಮಿಷಕ್ಕೆ ಹೊರಗೆ ಬಂದು ಜಗಲಿಯಲ್ಲಿ ಕುಸಿದು, ಎರಡು ಲೋಟ ಪುನರ್ಪುಳಿ ಶರಬತ್ತು ಕುಡಿದಳು. "ಇನ್ನೂ ಎಪ್ಪತ್ತೆಂಟು ನಿಮಿಷ ಇದೆ" ಎಂದೆ. ಲೋಟವನ್ನು ಮೂರನೆಯ ಸಲ ಮುಂದೆ ಚಾಚಿದಳು.

ಪೂರ್ವದಲ್ಲಿ ಮೋಡ ಕಪ್ಪಾಗುತ್ತಿದೆ. ಅಂಗಳದಲ್ಲಿ ಹರವಿದ ಅಡಿಕೆ ಇನ್ನೂ ರಾಶಿ ಮಾಡಿಲ್ಲ. ಉಳಿದದ್ದನ್ನು ಕಮೆಂಟಿನಲ್ಲಿ ಮಾತಾಡೋಣ.