ಒಳಗೆ ಸ್ತೋತ್ರ, ಹೊರಗೆ ಗೊಣಗಾಟ

ಇವತ್ತು ಆರಾಧನೆ ಮುಗಿದು ಬೈಬಲ್ ಚೀಲಕ್ಕೆ ಹಾಕುವಷ್ಟರಲ್ಲಿ ತಲೆ ಕೆಟ್ಟುಹೋಯಿತು. ಒಳಗೆ ಕಣ್ಣು ಮುಚ್ಚಿ, ಕೈ ಎತ್ತಿ 'ಸ್ತೋತ್ರ, ಸ್ತೋತ್ರ' ಅನ್ನುತ್ತಿದ್ದ ಬಾಯಿಗಳೇ ಬಾಗಿಲು ದಾಟಿದ್ದೇ ತಡ ಶುರು ಹಚ್ಚಿಕೊಂಡವು. ಪ್ರಸಂಗ ಉದ್ದ ಆಯಿತಂತೆ. ಮೈಕ್ ಸರಿ ಇರಲಿಲ್ಲವಂತೆ. ಇವರಿಗಿಂತ ಹಿಂದಿನ ಪಾಸ್ಟರೇ ವಾಸಿಯಂತೆ. (ಅವರಿದ್ದಾಗ ಅವರ ಮೇಲೂ ಇದೇ ದೂರು ಇತ್ತು, ನನಗೆ ಚೆನ್ನಾಗಿ ನೆನಪಿದೆ.)

ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ಅಲ್ಲಿ ಸುಮ್ನೆ ನಕ್ಕು, ಇಲ್ಲಿ ಬಂದು ಬರೆಯುತ್ತಿದ್ದೇನೆ. ಹೌದು, ದೂರುವವರ ಮೇಲೇ ದೂರು. ನಗಬೇಡಿ.

ಬೈಬಲಿನ ಅರಣ್ಯಕಾಂಡ 11ನೆಯ ಅಧ್ಯಾಯ ಓದಿ ನೋಡಿ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದ ಇಸ್ರಾಯೇಲ್ಯರ ಕಥೆ ಅದು. ರಾತ್ರಿ ಇಬ್ಬನಿಯ ಜೊತೆ ದೇವರು ಕೊಟ್ಟ ಆಹಾರ, ಮನ್ನ, ಬೀಳುತ್ತಿತ್ತು. ಜನ ಅದನ್ನು ಕೂಡಿಸಿ, ಬೀಸಿ, ಕುಟ್ಟಿ, ಬೇಯಿಸಿ ರೊಟ್ಟಿ ಮಾಡಿಕೊಳ್ಳುತ್ತಿದ್ದರು. ಬಿತ್ತಿದ್ದಿಲ್ಲ, ಬೆಳೆದದ್ದಿಲ್ಲ. ಆದರೂ ಅಳು. ಐಗುಪ್ತದಲ್ಲಿ ಮೀನು ಬಿಟ್ಟಿಯಾಗಿ ಸಿಗುತ್ತಿತ್ತು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ಅಂತ ಪಟ್ಟಿ ಬೇರೆ. ಬಿಟ್ಟಿಯಂತೆ! ಬೆನ್ನು ಮುರಿಯುವ ಹಾಗೆ ಇಟ್ಟಿಗೆ ಮಾಡಿದ್ದು, ಹುಟ್ಟಿದ ಗಂಡುಕೂಸುಗಳನ್ನು ನದಿಗೆ ಎಸೆಯಿರಿ ಅಂತ ಫರೋಹ ಹೇಳಿದ್ದು ಯಾವ ಲೆಕ್ಕಕ್ಕೆ ಹೋಯಿತು? ಗೊಣಗುವವರಿಗೆ ಹಳೆಯ ಈರುಳ್ಳಿಯ ರುಚಿ ನೆನಪಿರುತ್ತದೆ, ಚಾಟಿ ಏಟು ನೆನಪಿರುವುದಿಲ್ಲ.

ಇನ್ನು ಅಪೊಸ್ತಲ ಪೌಲ. ಫಿಲಿಪ್ಪಿ ಊರಿನಲ್ಲಿ ಅವನಿಗೂ ಜೊತೆಗಾರ ಸೀಲನಿಗೂ ಬಟ್ಟೆ ಹರಿದು ಛಡಿಯಿಂದ ಹೊಡೆದು, ಕಾಲಿಗೆ ಕೋಳ ಹಾಕಿ ಒಳಗಿನ ಕೋಣೆಗೆ ತಳ್ಳಿದರು. ನಡುರಾತ್ರಿ ಇಬ್ಬರೂ ಹಾಡುತ್ತಿದ್ದರು. ಮುಂದೆ ಅದೇ ಊರಿನ ಸಭೆಗೆ ಪತ್ರ ಬರೆಯುವಾಗಲೂ ಪೌಲ ಸೆರೆಯಲ್ಲೇ ಇದ್ದ. ಗೊಣಗುಟ್ಟದೆ ಎಲ್ಲವನ್ನೂ ಮಾಡಿ ಅಂತ ಅವನು ಬರೆದದ್ದು ಆ ಪತ್ರದಲ್ಲೇ. ಫ್ಯಾನ್ ಕೆಳಗೆ ಕೂತು ಹೇಳಿದ ಮಾತಲ್ಲ ಅದು.

'ಅಲ್ಲಾರೀ, ದಾವೀದನೂ ದೂರಲಿಲ್ವಾ?' ಅಂತ ಯಾರಾದರೂ ಕೇಳೇ ಕೇಳುತ್ತೀರಿ. ದೂರಿದ. ಎಲ್ಲ ಕಳೆದುಕೊಂಡ ಯೋಬನೂ ದೂರಿದ. 'ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ' ಅಂತಲೇ ಬೈಬಲಿನ 13ನೆಯ ಕೀರ್ತನೆ ಶುರುವಾಗುತ್ತದೆ, 88ನೆಯದು ಕತ್ತಲಲ್ಲೇ ಮುಗಿಯುತ್ತದೆ. ಆದರೆ ಅವರು ದೇವರ ಮುಂದೆಯೇ ನಿಂತು ಜಗಳ ಆಡಿದರು. ಇಸ್ರಾಯೇಲ್ಯರು ಡೇರೆಗಳಲ್ಲಿ ಕೂತು ಗೊಣಗಿದರು ಅನ್ನುತ್ತದೆ 106ನೆಯ ಕೀರ್ತನೆ. ನಮ್ಮದು ಯಾವ ಜಾತಿಯದು ಅಂತ ನೀವೇ ನೋಡಿಕೊಳ್ಳಿ. ಮೈಕ್ ವಿಷಯವನ್ನು ಯಾರಾದರೂ ಮೊಣಕಾಲೂರಿ ದೇವರಿಗೆ ಹೇಳಿದ್ದನ್ನು ನಾನಂತೂ ಕಂಡಿಲ್ಲ. ಮೈಕ್ ನೋಡಿಕೊಳ್ಳುವ ಹುಡುಗನಿಗೂ ಹೇಳಿಲ್ಲ ಬಿಡಿ.

ಹಾಗಂತ ಅಳುತ್ತಿರುವವರ ಹತ್ತಿರ ಹೋಗಿ 'ಸ್ತೋತ್ರ ಹೇಳಿ, ಎಲ್ಲ ಒಳ್ಳೆಯದಕ್ಕೇ' ಅನ್ನುವವರನ್ನು ಕಂಡರೂ ನನಗೆ ಆಗುವುದಿಲ್ಲ. ಅಮ್ಮ ಹೋದಾಗ ಹೀಗೆ ಹೇಳಿದವರು ಇದ್ದರು. ಆಗ ನನ್ನ ಬಾಯಿಂದ ಸ್ತೋತ್ರ ಹೊರಡಲೇ ಇಲ್ಲ. ಕೈಗೆ ಸಿಕ್ಕವನು ಬೈಬಲಿನ ಪ್ರವಾದಿ ಹಬಕ್ಕೂಕ. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಹಣ್ಣಾಗಲಿಲ್ಲ, ಎಣ್ಣೆಮರ ಕೈಕೊಟ್ಟಿತು, ಹೊಲದಲ್ಲಿ ಬೆಳೆ ಇಲ್ಲ, ಹಟ್ಟಿಯಲ್ಲಿ ಕುರಿ ಇಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ. ಒಂದೊಂದಾಗಿ ಎಲ್ಲ ಹೇಳಿ, ಆದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. ಹೋದದ್ದು ಒಳ್ಳೆಯದೇ ಆಯಿತು ಅಂತ ಎಲ್ಲೂ ಹೇಳಿಲ್ಲ. ಅಂಥವನ ಕೃತಜ್ಞತೆಯನ್ನು ನಾನು ನಂಬುತ್ತೇನೆ.

ಮುಂದಿನ ಸಾಲಿನಲ್ಲಿ ಜಾಗ ಸಿಗಲಿಲ್ಲ ಅಂತ ಮುನಿಸಿಕೊಂಡು ಬೇರೆ ಸಭೆ ಹುಡುಕುತ್ತಿರುವವರು ಧಾರಾಳವಾಗಿ ಹುಡುಕಲಿ. ಅಲ್ಲೂ ಹಿಂದಿನ ಸಾಲು ಇರುತ್ತದೆ.