ಗಂಧದ ಪೆಟ್ಟಿಗೆಯ ಪರಿಮಳ

ಈಗಿನ ಯುವಜನ ದುಬಾರಿ ವಸ್ತು ಬಿಟ್ಟು ಪ್ರವಾಸಕ್ಕೆ ಖರ್ಚು ಮಾಡುತ್ತಾರೆ, ಐಷಾರಾಮಿ ಉದ್ಯಮಕ್ಕೆ ಅದೇ ಕಂಟಕ ಎಂದು ಆ ಉದ್ಯಮದ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕೊಟ್ಟ ಬೆಲೆಗೆ ತಕ್ಕ ಕೆಲಸ ಕಾಣುತ್ತಿಲ್ಲ, ತೊಂದರೆ ಅಲ್ಲಿದೆ. ಫ್ರಾನ್ಸಿನ ಐಷಾರಾಮಿ ಬ್ರ್ಯಾಂಡ್ ಡಿಯೋರ್‌ನ ಅಂಗಡಿಯಲ್ಲಿ 2,600 ಯೂರೋಗೆ ಮಾರುತ್ತಿದ್ದ ಬ್ಯಾಗಿಗೆ, ಚರ್ಮದ ಖರ್ಚು ಬಿಟ್ಟು, ತಯಾರಿಸಿಕೊಟ್ಟವರಿಗೆ ಸಂದದ್ದು 53 ಯೂರೋ ಎಂಬುದು 2024ರಲ್ಲಿ ಇಟಲಿಯ ಮಿಲಾನಿನ ನ್ಯಾಯಾಲಯದ ವಿಚಾರಣೆಯಲ್ಲಿ ಹೊರಬಿತ್ತು. ಇದು ಗೊತ್ತಾದ ಮೇಲೆ ಕೊಳ್ಳಲು ಯಾರಿಗೆ ಮನಸ್ಸು ಬಂದೀತು?

ಬೆಲೆಗೆ ತಕ್ಕ ಕೆಲಸ ಹೇಗಿರುತ್ತದೆಂದು ನಾನು ಕಂಡಿದ್ದೇನೆ. ನಾನು ಶಿರಸಿಯವಳು. ನಮ್ಮ ಕೇರಿಯಲ್ಲೇ ಗಂಧದ ಮರ ಕೆತ್ತುವ ಗುಡಿಗಾರರ ಮನೆಯಿತ್ತು. ಅಂಗೈಯಗಲದ ಗಂಧದ ಪೆಟ್ಟಿಗೆಯ ಮುಚ್ಚಳಕ್ಕೆ ಬಳ್ಳಿ ಕೆತ್ತುವಾಗ ಆ ಮನೆಯ ಅಜ್ಜ ಉಸಿರು ಬಿಗಿಹಿಡಿಯುತ್ತಿದ್ದರು. ಎಲೆಯ ಒಂದು ನರ ತಪ್ಪಿದರೂ ವಾರಗಟ್ಟಲೆ ಮಾಡಿದ ಕೆಲಸ ಹಾಳು. ಉದುರಿದ ಚೂರು, ಪುಡಿಯನ್ನೂ ಕಾಗದದ ಮೇಲೆ ಒಟ್ಟುಮಾಡಿ ಡಬ್ಬಿಗೆ ತುಂಬಿಡುತ್ತಿದ್ದರು, ನೆಲಕ್ಕೆ ಬೀಳಬಿಡುತ್ತಿರಲಿಲ್ಲ. ನನ್ನ ಮದುವೆಗೆ ಅಮ್ಮ ಅವರಿಂದ ಕೊಂಡ ಪೆಟ್ಟಿಗೆ ಈಗಲೂ ಇದೆ. ಮುಚ್ಚಳ ತೆರೆದರೆ ಇವತ್ತಿಗೂ ಘಮ್ಮೆನ್ನುತ್ತದೆ.

ಅಜ್ಜನ ಮಕ್ಕಳು ಯಾರೂ ಉಳಿ ಹಿಡಿಯಲಿಲ್ಲ. ಗಂಧದ ತುಂಡು ಸಿಗುವುದೇ ಕಷ್ಟ, ಸಿಕ್ಕರೂ ಬೆಲೆ ಕೈಗೆಟುಕದು. ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯಿಂದ ಜಮೀನಿನಲ್ಲಿ ಬೆಳೆದ ಗಂಧದ ಮರ ಮಾಲೀಕರದ್ದೇ ಆಯಿತು, ನಿಜ. ಆದರೆ ಕೆತ್ತುವಷ್ಟು ತಿರುಳು ಕೂಡಲು ಹದಿನೈದು ವರ್ಷವಾದರೂ ಬೇಕು. ಅಷ್ಟರೊಳಗೆ ಕೆತ್ತುವ ಕೈಯೇ ಉಳಿಯದಿದ್ದರೆ? ಲೇಖಕರೇ, ಮುಂದೆ ಈ ಉದ್ಯಮದ ಬಗ್ಗೆ ಬರೆಯುವಾಗ ದಯವಿಟ್ಟು ಕೆಲಸಗಾರರನ್ನೂ ಮಾತಾಡಿಸಿ.