ಮುಖ್ಯ ಕೋಚ್ ಹುದ್ದೆ ನಮ್ಮ ಹೆಣ್ಣುಮಕ್ಕಳಿಗೇಕಿಲ್ಲ?

ಭಾನುವಾರ ಹುಡುಗಿಯರ ಕ್ರಿಕೆಟ್ ಪಂದ್ಯವೊಂದನ್ನು ನೋಡಲು ಹೋಗಿದ್ದೆ. ಬೆಳಿಗ್ಗೆಯಿಂದ ಬಿಸಿಲಿನಲ್ಲಿ ನಿಂತು ಮಕ್ಕಳಿಗೆ ಕ್ಯಾಚ್ ಹೊಡೆದುಕೊಡುತ್ತಿದ್ದ ಮಹಿಳೆಯ ಬಳಿ ಪೋಷಕರೊಬ್ಬರು ಬಂದು, "ಮೇಡಂ, ಮೇನ್ ಕೋಚ್ ಎಲ್ಲಿದ್ದಾರೆ?" ಎಂದು ವಿಚಾರಿಸಿದರು. ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಆಕೆ, "ನಾನೇ, ಹೇಳಿ ಸರ್" ಎಂದರು. ನನಗಂತೂ ಆ ಸಿಟ್ಟು ಇನ್ನೂ ಇಳಿದಿಲ್ಲ. ನಾನೂ ಕ್ರಿಕೆಟ್ ಆಡಿ ಬಂದವಳೇ.

ಆ ಪೋಷಕರನ್ನಷ್ಟೇ ದೂರಿ ಫಲವಿಲ್ಲ. ಮಹಿಳಾ ಪ್ರೀಮಿಯರ್ ಲೀಗ್‌ನ ಮೊದಲ ಮೂರು ಆವೃತ್ತಿಗಳಲ್ಲಿ ಐದು ತಂಡಗಳ ಪೈಕಿ ಒಂದೂ ಭಾರತೀಯ ಮಹಿಳೆಯನ್ನು ಮುಖ್ಯ ಕೋಚ್ ಮಾಡಲಿಲ್ಲ. ಇಂಗ್ಲೆಂಡಿನ ಷಾರ್ಲೆಟ್ ಎಡ್ವರ್ಡ್ಸ್ ಮುಖ್ಯ ಕೋಚ್ ಆಗಿ 2023 ಮತ್ತು 2025ರಲ್ಲಿ ಮುಂಬೈ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟಿರುವಾಗ, ಇದು ಹೆಂಗಸರಿಂದಾಗದ ಕೆಲಸವೆನ್ನಲು ಯಾರಿಗೂ ಬಾಯಿಲ್ಲ. ಆದರೂ ಭಾರತದ ಮಾಜಿ ವೇಗಿ ಜೂಲನ್ ಗೋಸ್ವಾಮಿ ಅದೇ ಮುಂಬೈಗೆ ಬೌಲಿಂಗ್ ಕೋಚ್ ಆದರು, ನಮ್ಮ ಕರ್ನಾಟಕದ ವಿ.ಆರ್. ವನಿತಾ 2023ರಲ್ಲಿ ಆರ್‌ಸಿಬಿಗೆ ಫೀಲ್ಡಿಂಗ್ ಕೋಚ್ ಆದರು, ಅದರಾಚೆಗೆ ದಾರಿ ಸಿಗಲಿಲ್ಲ.

ಕರ್ನಾಟಕದ ಪರವೂ ಆಡಿದ ಆಫ್ ಸ್ಪಿನ್ನರ್ ನೂಶಿನ್ ಅಲ್ ಖದೀರ್ ಅವರನ್ನೇ ನೋಡಿ. 19 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪನ್ನು ಭಾರತ 2023ರಲ್ಲೂ 2025ರಲ್ಲೂ ಗೆದ್ದದ್ದು ಅವರ ತರಬೇತಿಯಲ್ಲಿಯೇ. ಹಿರಿಯರ ತಂಡದಲ್ಲಿ ಅವರಿಗೆ ದಕ್ಕಿದ್ದು 2023ರ ಬಾಂಗ್ಲಾದೇಶ ಪ್ರವಾಸವೊಂದರ ಹೊಣೆ ಮಾತ್ರ. 2016ರಲ್ಲಿ ಆಸ್ಟ್ರೇಲಿಯಾದ ನೆಲದಲ್ಲಿ ಟಿ20 ಸರಣಿ ಗೆದ್ದ ತಂಡದ ಕೋಚ್ ಪೂರ್ಣಿಮಾ ರಾವ್ ಅವರನ್ನು 2017ರ ವಿಶ್ವಕಪ್‌ಗೆ ಕೆಲವೇ ತಿಂಗಳಿರುವಾಗ ಬದಲಾಯಿಸಲಾಯಿತು. ಗೆದ್ದರೂ ಕುರ್ಚಿ ಉಳಿಯುವುದಿಲ್ಲವೆಂದರೆ ಇನ್ನೇನು ಮಾಡಿ ತೋರಿಸಬೇಕು?

"ಗಂಡು ಹೆಣ್ಣೆಂದು ನೋಡಬಾರದು, ಅರ್ಹತೆ ನೋಡಬೇಕು, ಅಮೋಲ್ ಮಜುಂದಾರ್ ವಿಶ್ವಕಪ್ ಗೆಲ್ಲಿಸಲಿಲ್ಲವೇ?" ಎನ್ನುವವರಿದ್ದಾರೆ. ಹಿರಿಯರ ಮಹಿಳಾ ತಂಡದ ಕೋಚ್ ಆಗಿ ಗೆಲ್ಲಿಸಿದರು, 2025ರ ನವೆಂಬರ್‌ನ ಆ ರಾತ್ರಿ ನಾನು ಸಂತೋಷದಿಂದ ಅತ್ತಿದ್ದೇನೆ. ಭಾರತದ ಪರ ಒಂದು ಪಂದ್ಯವನ್ನೂ ಆಡದ ಅವರನ್ನು ನಂಬಿ ಎರಡು ವರ್ಷ ಕಾಲಾವಕಾಶ ಕೊಟ್ಟದ್ದು ಸರಿಯಾದ ನಿರ್ಧಾರವೇ. ಅದೇ ನಂಬಿಕೆ, ಅದೇ ಎರಡು ವರ್ಷ, ಕಿರಿಯರ ವಿಶ್ವಕಪ್ ಗೆದ್ದುಕೊಟ್ಟ ಹೆಣ್ಣುಮಗಳಿಗೆ ಏಕೆ ಸಿಗುವುದಿಲ್ಲವೆಂಬುದಷ್ಟೇ ನನ್ನ ಪ್ರಶ್ನೆ. ಅರ್ಹತೆಯ ಮಾತಾಡುವವರು ಇದಕ್ಕೆ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ.

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್, ಮುಖ್ಯ ಕೋಚ್ ಹುದ್ದೆಗೆ ಅಲ್ಪಸಂಖ್ಯಾತ ಸಮುದಾಯದ ಒಬ್ಬರನ್ನಾದರೂ ಸಂದರ್ಶಿಸಲೇಬೇಕೆಂಬ ನಿಯಮವನ್ನು 2003ರಲ್ಲಿ ತಂದಿತು. ಅದನ್ನು ಮೀರಿದ ಡೆಟ್ರಾಯಿಟ್ ಲಯನ್ಸ್ ತಂಡದ ಅಧ್ಯಕ್ಷರಿಗೆ ಅದೇ ವರ್ಷ 2 ಲಕ್ಷ ಡಾಲರ್ ದಂಡ ವಿಧಿಸಿತು. ಅಲ್ಲಿಯೂ ಎಲ್ಲ ಸರಿಹೋಗಿಲ್ಲ, ಆದರೆ ಬಾಗಿಲಾದರೂ ತೆರೆಯಿತು. 2022ರಲ್ಲಿ ಪುರುಷರಿಗೂ ಮಹಿಳೆಯರಿಗೂ ಸಮಾನ ಪಂದ್ಯ ಶುಲ್ಕ ಘೋಷಿಸಿದ ಬಿಸಿಸಿಐಗೆ, ಇಬ್ಬರಾದರೂ ಮಾಜಿ ಆಟಗಾರ್ತಿಯರನ್ನು ಸಂದರ್ಶಿಸದೆ ಯಾವ ಮಹಿಳಾ ತಂಡಕ್ಕೂ ಮುಖ್ಯ ಕೋಚ್ ನೇಮಿಸುವಂತಿಲ್ಲವೆಂದು ಬರೆದಿಡುವುದು ಕಷ್ಟದ ಕೆಲಸವಲ್ಲ. ಮಹಿಳಾ ಪ್ರೀಮಿಯರ್ ಲೀಗ್‌ನ ಮುಂದಿನ ಆವೃತ್ತಿಗೆ ಮೊದಲೇ ಅದು ಆಗಬೇಕು.